ಎಣಿಕೆಗೆ ಬಾರದ ಎಸೆತಗಳು

ಸಾಲ್ಟ್ ಲೇಕ್‌ನಲ್ಲಿ ಯಾರೂ ಬೀದಿಯ ಹೆಸರು ಹೇಳಿ ವಿಳಾಸ ತಿಳಿಸುವುದಿಲ್ಲ. ಇಂಥ ಬ್ಲಾಕು, ಇಷ್ಟನೆಯ ನಂಬರಿನ ನೀರಿನ ಟ್ಯಾಂಕು, ಅದರ ಪಕ್ಕದ ಪಾರ್ಕು ಎಂದರೆ ಸಾಕು. ಹೂಗ್ಲಿ ನದಿಯ ಮರಳನ್ನು ಕೊಳವೆಗಳಲ್ಲಿ ಹರಿಸಿ ತಂದು, ಉಪ್ಪುನೀರಿನ ಜವುಗನ್ನು ತುಂಬಿಸಿ, 1960ರ ದಶಕದಲ್ಲಿ ಕಟ್ಟಲು ಆರಂಭಿಸಿದ ಊರಿದು. ಇದರ ನಕ್ಷೆ ಬರೆದ ಯುಗೊಸ್ಲಾವಿಯದ ನಗರಯೋಜಕ ದೊಬ್ರಿವೊಯೆ ತೊಶ್ಕೊವಿಚ್ ಮನೆಗಳ ನಡುವೆ ಅಲ್ಲಲ್ಲಿ ಬಯಲನ್ನು ಉಳಿಸಿದ. ಉದ್ಯೋಗ ನಿಮಿತ್ತ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದ ನನಗೆ ಮೊದಲು ಮೆಚ್ಚಿಗೆಯಾದದ್ದು ಈ ಬಯಲುಗಳೇ. ಸಂಜೆ ಐದರ ಹೊತ್ತಿಗೆ ಮಕ್ಕಳ ಕೂಗಾಟ ಕಿಟಕಿಯೊಳಗೆ ನುಗ್ಗುತ್ತಿತ್ತು.

ಈಗ ಆ ಕೂಗಾಟ ತಗ್ಗಿದೆ. ಬಯಲಿನ ಒಂದು ಅಂಚಿಗೆ ನೈಲಾನ್ ಬಲೆ ಬಂದಿದೆ. ಬಲೆಯೊಳಗೆ ಒಬ್ಬ ಹುಡುಗ, ಒಬ್ಬ ತರಬೇತುದಾರ, ಒಂದು ಬಕೆಟ್ ತುಂಬ ಚೆಂಡು. ಹೊರಗೆ ಬೆಂಚಿನ ಮೇಲೆ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿರುವ ತಂದೆಯೋ ತಾಯಿಯೋ. ಗಂಟೆಗೆ ಇಷ್ಟು ಎಂದು ಶುಲ್ಕ. ಮನೆಪಾಠದ ನಾಡಿನಲ್ಲಿ ಇದು ಆಶ್ಚರ್ಯದ ಸಂಗತಿಯೇನಲ್ಲ. ಗ್ರಾಮೀಣ ಪಶ್ಚಿಮ ಬಂಗಾಳದ ಶಾಲಾಮಕ್ಕಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹಣ ತೆತ್ತು ಟ್ಯೂಷನ್ನಿಗೆ ಹೋಗುತ್ತಾರೆಂದು 2022ರ ‘ಅಸರ್’ ವರದಿ ಹೇಳಿತ್ತು. ಗಣಿತಕ್ಕೆ ಒಬ್ಬ ಮೇಷ್ಟ್ರು, ವಿಜ್ಞಾನಕ್ಕೆ ಒಬ್ಬರು, ಹಾಗೆಯೇ ವೇಗದ ಬೌಲಿಂಗಿಗೆ ಮತ್ತೊಬ್ಬರು.

ಇದರಲ್ಲಿ ತಪ್ಪೇನು ಎಂದು ನಾನೂ ಕೇಳಿದ್ದವನೇ. ಕಳೆದ ಚಳಿಗಾಲದಲ್ಲಿ ನಮ್ಮ ಮೇಲಿನ ಮಹಡಿಯ ಹುಡುಗನಿಗೆ ಬೆನ್ನು ನೋವು ಬಂದಾಗ ಉತ್ತರ ಸಿಕ್ಕಿತು. ಹನ್ನೊಂದು ವರ್ಷದ ಹುಡುಗ. ಓಡಿ ಬಂದು ಚೆಂಡೆಸೆಯುವುದೆಂದರೆ ಪ್ರಾಣ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅವನ ತಂದೆ ಒಂದು ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಶನಿವಾರ ಬೆಳಗ್ಗೆ ಖಾಸಗಿ ತರಬೇತಿಯಲ್ಲಿ ಅರವತ್ತು ಎಸೆತ. ಆಮೇಲೆ ಶಾಲಾ ತಂಡದ ಅಭ್ಯಾಸದಲ್ಲಿ ಆರು ಓವರ್. ಸಂಜೆ ಅಕಾಡೆಮಿಯಲ್ಲಿ ಎಂಟು. ಒಟ್ಟು 144. ಮೂವರು ತರಬೇತುದಾರರಲ್ಲಿ ಯಾರೊಬ್ಬರೂ ಅತಿ ಮಾಡಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ಮಾತ್ರ ಬಲ್ಲವರು. ಕೂಡಿ ನೋಡುವ ಕೆಲಸ ಯಾರದೂ ಆಗಿರಲಿಲ್ಲ. ಬೆಳೆಯುತ್ತಿರುವ ಬೆನ್ನುಮೂಳೆಗೆ ಮಾತ್ರ ಒಟ್ಟು ಲೆಕ್ಕವೇ ತಗಲುತ್ತದೆ. ವೈದ್ಯರು ಮೂರು ತಿಂಗಳು ಚೆಂಡು ಮುಟ್ಟಬಾರದೆಂದರು.

ಆ ರಾತ್ರಿ ನ್ಯೂಜೆರ್ಸಿಯಲ್ಲಿರುವ ಅಕ್ಕನೊಡನೆ ಮಾತನಾಡುತ್ತ ಈ ಕಥೆ ಹೇಳಿದೆ. ಅವಳ ಮಗ ಬೇಸ್‌ಬಾಲ್ ಆಡುತ್ತಾನೆ, ಪಿಚರ್. ಅಲ್ಲಿ ಪಂದ್ಯ ನಡೆಯುವಾಗ ಬೆಂಚಿನ ಬಳಿ ಒಬ್ಬರು ಕೈಯಲ್ಲಿ ಎಣಿಕೆಯ ಗುಂಡಿ ಹಿಡಿದು ಕೂತಿರುತ್ತಾರಂತೆ. ಪ್ರತಿ ಎಸೆತಕ್ಕೂ ಒಂದು ಕ್ಲಿಕ್. ಲಿಟಲ್ ಲೀಗ್ ಸಂಸ್ಥೆ 2007ರಲ್ಲಿ ಎಸೆತಗಳ ಮಿತಿಯನ್ನು ನಿಯಮವಾಗಿಸಿತು. 2014ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ‘ಪಿಚ್ ಸ್ಮಾರ್ಟ್’ ಎಂಬ ಮಾರ್ಗಸೂಚಿ ಹೊರಡಿಸಿದವು. ಒಂಬತ್ತು–ಹತ್ತರ ವಯಸ್ಸಿನವರಿಗೆ ದಿನಕ್ಕೆ ಹೆಚ್ಚೆಂದರೆ 75, ಹನ್ನೊಂದು–ಹನ್ನೆರಡರವರಿಗೆ 85. ಅದಕ್ಕಿಂತ ಮುಖ್ಯವಾದದ್ದು, ವರ್ಷದಲ್ಲಿ ನಾಲ್ಕು ತಿಂಗಳು ಪಿಚಿಂಗಿನಿಂದ ತೋಳಿಗೆ ಬಿಡುವು.

ಇಷ್ಟು ಎಚ್ಚರ ಅವರಿಗೆ ಸುಮ್ಮನೆ ಬಂದದ್ದಲ್ಲ. 1974ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನ ಡಾ. ಫ್ರಾಂಕ್ ಜೋಬ್, ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಯಲ್ಲಿ ಹರಿದ ಬಂಧನಿಯ ಜಾಗಕ್ಕೆ ಅವನದೇ ಇನ್ನೊಂದು ಕೈಯ ಸ್ನಾಯುರಜ್ಜುವನ್ನು ತೆಗೆದು ಜೋಡಿಸಿದರು. ಆತ 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದ. ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು. ಪಳಗಿದ ವೃತ್ತಿಪರನಿಗಾಗಿ ಹುಟ್ಟಿದ ಆ ಚಿಕಿತ್ಸೆಗೆ ಬರಬರುತ್ತಾ ಪ್ರೌಢಶಾಲೆಯ ಹುಡುಗರು ಸಾಲುಗಟ್ಟತೊಡಗಿದಾಗ ಅಲ್ಲಿನವರು ಬೆಚ್ಚಿ ಎಣಿಸಲು ಕುಳಿತರು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯೂ ಎಳೆಯ ವೇಗಿಗಳಿಗೆ ಮಿತಿ ಗೊತ್ತುಮಾಡಿತು: ಹದಿಮೂರರವರೆಗಿನವರಿಗೆ ಒಂದು ಸರದಿಗೆ ಐದು ಓವರ್, ದಿನಕ್ಕೆ ಹತ್ತು ಎಂಬುದು ಅಲ್ಲಿ ಬಹುಕಾಲ ನಡೆದುಬಂದ ಸೂತ್ರ. ನಮ್ಮ ಹುಡುಗನ ಶನಿವಾರ ಇಪ್ಪತ್ತನಾಲ್ಕು ಓವರಿನದು.

ಆದರೆ ಅಕ್ಕ ಮುಂದೆ ಹೇಳಿದ ಮಾತೇ ನನ್ನನ್ನು ಈ ಬರಹಕ್ಕೆ ಹಚ್ಚಿದ್ದು. ಕ್ಲಿಕ್ ಗುಂಡಿ ಪಂದ್ಯದಲ್ಲಿ ಮಾತ್ರ ಇರುತ್ತದೆ. ಬುಧವಾರ ಸಂಜೆ ಖಾಸಗಿ ಪಾಠಕ್ಕೆ ಹೋದಾಗ ಎಣಿಸುವವರು ಯಾರೂ ಇಲ್ಲ. ಅರ್ಧ ಗಂಟೆಗೆ ಹಣ ಕೊಟ್ಟ ಮೇಲೆ ಅರ್ಧ ಗಂಟೆಯೂ ಎಸೆಯಬೇಕಲ್ಲ! ನಿಯಮವೇನೋ ಚೆನ್ನಾಗಿಯೇ ಇದೆ. ಅದಕ್ಕೆ ಎಟುಕದ ಒಂದು ಮೂಲೆ ಉಂಟು, ಆ ಮೂಲೆಯಲ್ಲೇ ಮಕ್ಕಳು ಹೆಚ್ಚು ಹೊತ್ತು ಕಳೆಯುತ್ತಾರೆ. ಖಾಸಗಿ ತರಬೇತಿಯ ಕುರಿತು ನನ್ನ ಆಕ್ಷೇಪ ಇಷ್ಟೇ. ಗುರು ಕೆಟ್ಟವನೆಂದಲ್ಲ. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ‘ಇವತ್ತಿಗೆ ಸಾಕು, ಮನೆಗೆ ಹೋಗು’ ಎನ್ನುವ ಸ್ವಾತಂತ್ರ್ಯವನ್ನು ನಾವೇ ಕಸಿದುಕೊಂಡಿದ್ದೇವೆ.

ಗುರುವೇ ಬೇಡವೆಂದು ವಾದಿಸುವಷ್ಟು ಭಾವುಕನಲ್ಲ ನಾನು. ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಬಾಲಕ ರಾಹುಲ್ ದ್ರಾವಿಡ್ ಮೇಲೆ ಕೇಕಿ ತಾರಾಪೂರ್ ಅವರ ಕಣ್ಣು ಬೀಳದಿದ್ದರೆ ಏನಾಗುತ್ತಿತ್ತೋ. ಆದರೆ ಅದು ಶಿಬಿರ. ಸುತ್ತ ಹತ್ತಾರು ಹುಡುಗರು, ತನ್ನ ಸರದಿಗಾಗಿ ಕಾಯುವಿಕೆ, ಕಾಯುತ್ತ ಇತರರನ್ನು ನೋಡಿ ಕಲಿಯುವುದು. ಆ ಕಾಯುವಿಕೆಯೇ ತೋಳಿಗೆ ವಿಶ್ರಾಂತಿಯೂ ಆಗಿತ್ತೆಂಬುದು ನಮಗೆ ಆಗ ಹೊಳೆದಿರಲಿಲ್ಲ. ಒಬ್ಬನೇ ಶಿಷ್ಯನಿರುವ ಬಲೆಯಲ್ಲಿ ಸರದಿ ಎಂಬುದೇ ಇಲ್ಲ. ಬಾಲ್ಯದಲ್ಲಿ ಪೋಲಿಯೊಗೆ ಸಿಕ್ಕಿದ ಬಲಗೈಯಲ್ಲೇ 242 ಟೆಸ್ಟ್ ವಿಕೆಟ್ ಕಿತ್ತ ನಮ್ಮ ಬಿ.ಎಸ್. ಚಂದ್ರಶೇಖರ್ ಅವರ ಕೈಚಳಕವನ್ನಂತೂ ಯಾವ ಪಠ್ಯಕ್ರಮವೂ ಒಪ್ಪುತ್ತಿರಲಿಲ್ಲ. ಗಂಟೆಗಿಷ್ಟು ಎಂದು ಪಡೆವ ಇಂದಿನ ತರಬೇತುದಾರ ಮೊದಲ ದಿನವೇ ಆ ಮಣಿಕಟ್ಟನ್ನು ‘ತಿದ್ದಿ’ಬಿಡುತ್ತಿದ್ದನೇನೋ.

ಈ ಕಲ್ಕತ್ತೆಯನ್ನೇ ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಇಲ್ಲಿಗೆ ಬಂದು ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರಾದರು, ಇಲ್ಲಿನ ಹಿರಿಯರು ಇಂದಿಗೂ ಆ ಹೆಸರನ್ನು ಪ್ರೀತಿಯಿಂದ ಉಚ್ಚರಿಸುತ್ತಾರೆ. ಚುನಿ ಗೋಸ್ವಾಮಿ 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಫುಟ್‌ಬಾಲ್ ತಂಡದ ನಾಯಕ. ಹತ್ತು ವರ್ಷದ ಬಳಿಕ ಬಂಗಾಳವನ್ನು ರಣಜಿ ಫೈನಲ್‌ಗೆ ಒಯ್ದ ಕ್ರಿಕೆಟ್ ನಾಯಕನೂ ಅವರೇ. ಹನ್ನೊಂದಕ್ಕೇ ಮಗುವನ್ನು ಒಂದೇ ಆಟಕ್ಕೆ, ಆ ಆಟದಲ್ಲೂ ಒಂದೇ ಕೈಚಳಕಕ್ಕೆ ಕಟ್ಟಿಹಾಕುವ ನಾವು ಇಂಥವರ ನೆನಪಿನ ಊರಿನಲ್ಲಿದ್ದೇವೆ. ಬೇಸ್‌ಬಾಲ್‌ನಲ್ಲೂ ಇದಕ್ಕೊಂದು ಸಾಕ್ಷಿಯಿದೆ. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಒಪ್ಪಂದ ಮಾಡಿಕೊಂಡ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಆ ವರ್ಷದವರೆಗೆ ಬೇಸ್‌ಬಾಲ್ ಆಡಿದವರೇ ಅಲ್ಲ. ಜಾವೆಲಿನ್ ಎಸೆದು ಮೈ ಗಟ್ಟಿಮಾಡಿಕೊಂಡಿದ್ದ ಉತ್ತರ ಪ್ರದೇಶದ ಆ ತರುಣರಿಗೆ ಟಾಮ್ ಹೌಸ್ ಎಂಬ ತಜ್ಞ ಪಿಚಿಂಗ್ ಕಲಿಸಿದ್ದು ಕೆಲವೇ ತಿಂಗಳಲ್ಲಿ. ವಿಶೇಷ ತರಬೇತಿ ಬೆಳೆದ ಮೈಗೆ ತಡವಾಗಿ ಬಂದರೂ ನಡೆಯುತ್ತದೆ.

ಈಗ ನಮ್ಮ ಬ್ಲಾಕಿನ ಕೆಲವು ತಂದೆತಾಯಿಯರಿಗೆ ನಾನೊಂದು ಸಲಹೆ ಕೊಟ್ಟು ಸ್ವಲ್ಪ ಅಪ್ರಿಯನಾಗಿದ್ದೇನೆ. ತರಬೇತುದಾರನನ್ನು ‘ಇವನು ರಾಜ್ಯ ತಂಡಕ್ಕೆ ಯಾವಾಗ?’ ಎಂದು ಕೇಳಬೇಡಿ, ‘ಇವತ್ತು ಎಷ್ಟು ಎಸೆದ?’ ಎಂದು ಕೇಳಿ. ಮಗು ಬೇಗ ಹೊರಗೆ ಬಂದರೂ ಪೂರ್ತಿ ಶುಲ್ಕ ಕೊಡಿ. ಶಾಲೆ, ಅಕಾಡೆಮಿ, ಖಾಸಗಿ ಪಾಠ ಮೂರಕ್ಕೂ ಒಂದೇ ನೋಟ್‌ಬುಕ್ ಇರಲಿ. ಒಬ್ಬ ತಾಯಿ ನಕ್ಕು, ಮಗನ ಹೋಮ್‌ವರ್ಕಿನ ಲೆಕ್ಕವೇ ಸಾಕಾಗಿದೆ ಎಂದರು.

ಮೇಲಿನ ಮಹಡಿಯವರು ಮಾತ್ರ ನೋಟ್‌ಬುಕ್ ಕೊಂಡಿದ್ದಾರೆ. ಮೂರು ತಿಂಗಳು ಮುಗಿಯಲು ಇನ್ನೂ ಹನ್ನೆರಡು ದಿನ ಇದೆ. ಹುಡುಗ ಸದ್ಯಕ್ಕೆ ಬಯಲಿನ ಇನ್ನೊಂದು ತುದಿಯಲ್ಲಿ ಚಿಕ್ಕ ಮಕ್ಕಳ ಪಂದ್ಯಕ್ಕೆ ಅಂಪೈರ್. ಅವನ ತೀರ್ಪಿನ ಮೇಲೆ ದಿನವೂ ಜಗಳ. ಕಿಟಕಿ ತೆರೆದರೆ ಕೇಳಿಸುತ್ತದೆ.