ಐಷಾರಾಮಿ ಎಸ್‌ಯುವಿ ಖರೀದಿ: ಕೊಳ್ಳುವ ಮುನ್ನ ತಾಳೆ ನೋಡಬೇಕಾದದ್ದು

ಉದ್ಯಮದಲ್ಲಿ ನಾಲ್ಕು ಕಾಸು ಕೈಗೂಡಿದಾಗ ದೊಡ್ಡ ವಾಹನವೊಂದನ್ನು ಕೊಳ್ಳುವ ಆಸೆ ಸಹಜ. ಅದು ತಪ್ಪೂ ಅಲ್ಲ. ಆದರೆ ಕಚ್ಚಾ ಸಾಮಗ್ರಿ ಖರೀದಿಸುವಾಗ ಎರಡು ಕೊಟೇಷನ್‌ಗಳನ್ನು ಸಾಲು ಸಾಲಾಗಿ ತಾಳೆ ನೋಡುವ ನಾವು, ಕೋಟಿ ರೂಪಾಯಿಯ ಆಸುಪಾಸಿನ ವಾಹನವನ್ನು ಮಾತ್ರ ಷೋರೂಮಿನ ಬೆಳಕಿನಲ್ಲೇ ಆರಿಸಿಬಿಡುತ್ತೇವೆ. ಈ ರೂಢಿ ಬದಲಾಗಬೇಕು.

ನಿದರ್ಶನಕ್ಕೆ, 2023ರಲ್ಲಿ ನವೀಕರಣಗೊಂಡು ನಮ್ಮ ಮಾರುಕಟ್ಟೆಗೆ ಬಂದ ಎರಡು ಡೀಸೆಲ್ ವಾಹನಗಳನ್ನು ತೆಗೆದುಕೊಳ್ಳೋಣ. ಬಿಎಂಡಬ್ಲ್ಯು ಎಕ್ಸ್5 ಎಕ್ಸ್‌ಡ್ರೈವ್ 30ಡಿಗೆ ಆರು ಸಿಲಿಂಡರಿನ, 2993 ಸಿ.ಸಿ.ಯ ಎಂಜಿನ್, 286 ಅಶ್ವಶಕ್ತಿ, 650 ನ್ಯೂಟನ್ ಮೀಟರ್ ಟಾರ್ಕ್. ಮರ್ಸಿಡಿಸ್ ಬೆಂಜ್ ಜಿಎಲ್ಇ 300ಡಿಗೆ ನಾಲ್ಕು ಸಿಲಿಂಡರಿನ, 1993 ಸಿ.ಸಿ.ಯ ಎಂಜಿನ್, 269 ಅಶ್ವಶಕ್ತಿ, 550 ನ್ಯೂಟನ್ ಮೀಟರ್. ಗಾಲಿಗಳ ನಡುವಣ ಅಂತರ ಮೊದಲನೆಯದಕ್ಕೆ 2975, ಎರಡನೆಯದಕ್ಕೆ 2995 ಮಿ.ಮೀ. ಸಾಮಾನಿನ ಜಾಗ ಅನುಕ್ರಮವಾಗಿ 650 ಮತ್ತು 630 ಲೀಟರ್.

ಇಲ್ಲಿ ಯಾವ ಅಂತರಕ್ಕೆ ಬೆಲೆ ಕೊಡಬೇಕು? ಇಪ್ಪತ್ತು ಮಿಲಿಮೀಟರಾಗಲಿ ಇಪ್ಪತ್ತು ಲೀಟರಾಗಲಿ ಬಳಕೆಯಲ್ಲಿ ಅನುಭವಕ್ಕೆ ಬಾರದು. ಟಾರ್ಕಿನಲ್ಲಿರುವ ನೂರರ ವ್ಯತ್ಯಾಸವಾದರೋ ತುಂಬಿದ ವಾಹನ ಘಾಟಿ ಏರುವಾಗ ತಿಳಿಯುತ್ತದೆ. ಅಳತೆಯ ಮಾನವೂ ಒಂದೇ ಇರಬೇಕು. ಅದೇ 210 ಕಿಲೋವಾಟ್ ಶಕ್ತಿಯು ಮೆಟ್ರಿಕ್ ಲೆಕ್ಕದಲ್ಲಿ 286, ಬ್ರಿಟಿಷ್ ಲೆಕ್ಕದಲ್ಲಿ 282 ಅಶ್ವಶಕ್ತಿಯಾಗುತ್ತದೆ. ನೆಲದಿಂದಿರುವ ಎತ್ತರವನ್ನು ಖಾಲಿ ವಾಹನದಲ್ಲಿ ಅಳೆದರೋ, ಜನ ಕುಳಿತ ಮೇಲೋ ಎಂಬುದನ್ನೂ ಕೇಳಬೇಕು.

ವಿವರಪಟ್ಟಿಯಲ್ಲಿಲ್ಲದ ಸಂಗತಿಗಳು ಇನ್ನೂ ಮುಖ್ಯ. ಬಿ.ಎಸ್.6 ಡೀಸೆಲ್ ವಾಹನಗಳಲ್ಲಿ ಮಸಿಯನ್ನು ತಡೆಹಿಡಿಯುವ ಡಿ.ಪಿ.ಎಫ್. ಎಂಬ ಶೋಧಕವಿರುತ್ತದೆ. ಹೆದ್ದಾರಿಯಲ್ಲಿ ಎಡೆಬಿಡದೆ ಓಡಿದಾಗ ಬಿಸಿಯೇರಿ ಆ ಮಸಿ ಸುಟ್ಟುಹೋಗುತ್ತದೆ. ಮನೆ, ಮಂಡಿ, ಬ್ಯಾಂಕು ಎಂದು ನಾಲ್ಕಾರು ಕಿಲೋಮೀಟರಿನ ಓಡಾಟವೇ ನಿತ್ಯವಾದರೆ ಶೋಧಕ ಕಟ್ಟಿಕೊಳ್ಳುತ್ತದೆ. ಅಂಥವರಿಗೆ ಈ ಎರಡರ ಪೆಟ್ರೋಲ್ ಮಾದರಿಗಳೇ ಲೇಸು. ಸರ್ವಿಸ್ ಕೇಂದ್ರ ತಮ್ಮ ಊರಿನಿಂದ ಎಷ್ಟು ದೂರ, ಟೈರಿನ ಬೆಲೆ ಎಷ್ಟು ಎಂಬುದನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಇನ್ನು ಲೆಕ್ಕಪುಸ್ತಕದ ಮಾತು. 2025ರ ಸೆಪ್ಟೆಂಬರ್ 22ರಿಂದ ಇಂಥ ವಾಹನಗಳಿಗೆ ಸೆಸ್ ರದ್ದಾಗಿ ಶೇ. 40ರ ಜಿ.ಎಸ್.ಟಿ. ಜಾರಿಗೆ ಬಂದಿತು. ತೆರಿಗೆ ಸೇರಿ ಒಂದು ಕೋಟಿ ಬೆಲೆಯ ವಾಹನದಲ್ಲಿ ಸುಮಾರು 28.5 ಲಕ್ಷ ರೂಪಾಯಿ ತೆರಿಗೆಯೇ ಆಯಿತು. ಸಂಸ್ಥೆಯ ಹೆಸರಿನಲ್ಲಿ ಕೊಂಡರೂ, ವಾಹನ ಮಾರಾಟಗಾರರು, ಪ್ರಯಾಣಿಕ ಸಾರಿಗೆಯವರಂತಹ ಕೆಲವರನ್ನು ಬಿಟ್ಟರೆ, ಉಳಿದವರಿಗೆ ಕಾಯಿದೆಯ 17(5)ನೇ ಪ್ರಕರಣದಂತೆ ಹೂಡುವಳಿ ತೆರಿಗೆ ಜಮೆ ದೊರೆಯದು. ಅದೇ ಹಣಕ್ಕೆ ಯಂತ್ರ ಕೊಂಡರೆ ತೆರಿಗೆ ಜಮೆಯಾಗಿ ಮರಳುತ್ತದೆ. ಶೇ. 15ರ ಸವಕಳಿಯುಂಟು, ನಿಜ. ಆದರೆ ಆ ವರ್ಷದ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ ಅದರಲ್ಲಿ ಅರ್ಧವಷ್ಟೇ. ಸವಕಳಿಯು ಆದಾಯದಲ್ಲಿ ಕಳೆಯುವ ಮೊತ್ತವೇ ಹೊರತು ಕೈಗೆ ಬರುವ ಹಣವಲ್ಲ.

ಹೆದ್ದಾರಿಯ ದೂರ ಪ್ರಯಾಣ ಹೆಚ್ಚಿರುವವರಿಗೆ, ಈ ಎರಡರಲ್ಲಿ ಆರು ಸಿಲಿಂಡರಿನ ವಾಹನವೇ ಒಪ್ಪುವಂಥದ್ದೆಂಬುದು ನನ್ನ ಅಭಿಪ್ರಾಯ. ಆದರೆ ದುಡಿಯುವ ಬಂಡವಾಳಕ್ಕೆ ಕೈಹಾಕಿ ಯಾವುದನ್ನು ಕೊಂಡರೂ ಅದು ದುಬಾರಿಯೇ. ಷೋರೂಮಿಗೆ ಹೋಗುವ ಮುನ್ನ ಲೆಕ್ಕಪರಿಶೋಧಕರೊಡನೆ ಅರ್ಧ ಗಂಟೆ ಕುಳಿತರೆ ವರ್ತಕ ಬಾಂಧವರಿಗೆ ನಷ್ಟವೇನಿಲ್ಲ.