ಚಪ್ಪಾಳೆ ಸಾಕು, ಅಡ್ವಾನ್ಸ್ ಕೊಡಿ

ಆಫೀಸು ಮುಗಿಸಿದ ಹುಡುಗ ಹುಡುಗಿಯರು ಸಂಜೆ ಒಂದೆಡೆ ಕೂತು, ತಮ್ಮ ಊರಿನಲ್ಲೇ ಸ್ವಂತ ಕಸುಬು ಕಟ್ಟಿದವರ ಮಾತು ಕೇಳುವ ರೂಢಿ ಬೆಂಗಳೂರಿನಲ್ಲಿದೆ. ಬೀದರಿನಲ್ಲೂ ಆಗಲಿ. ಬ್ಯಾಂಕಿನವರು, ಲ್ಯಾಬಿನವರು, ಕಿರಿಯ ವಕೀಲರು ಚಹಾ ಕುಡಿಯುತ್ತ ನಾಲ್ಕು ಮಾತಾಡಿದರೆ ಯಾರ ಗಂಟೂ ಹೋಗೋದಿಲ್ಲ.

ಕರೆಯಬೇಕಾದವರಿಗೆ ಇಲ್ಲೇನು ಬರವೇ? ಬಿದರಿ ಕಲೆಯ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸತುವು-ತಾಮ್ರದ ಎರಕದ ಮೇಲೆ ಉಳಿಯಿಂದ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ನಮ್ಮ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಕೈಗಳು ಈ ಊರಿನಲ್ಲಿ ಇನ್ನೂ ಇವೆ.

ಆದರೆ ಕರೆದು ಏನು ಮಾಡುತ್ತೀರಿ? ಶಾಲು ಹೊದಿಸಿ, ಹಾರ ಹಾಕಿ, ಫೋಟೋ ಹೊಡೆಸಿಕೊಂಡು ಕಳಿಸಿದರೆ ಕಸುಬಿನವರ ಮನೆಯ ಒಲೆ ಉರಿಯುವುದಿಲ್ಲ ಸ್ವಾಮಿ. ಸ್ವಂತಕ್ಕೆ ಮಾಲು ಮಾಡುವವನು ಬೆಳ್ಳಿಗೆ ಮೊದಲೇ ದುಡ್ಡು ಸುರಿಯಬೇಕು. ಮಾಲು ಮಾರುವ ತನಕ ಆ ದುಡ್ಡು ಕಟ್ಟಿಹಾಕಿದಂತೆ. ಈ ಕಷ್ಟವನ್ನು ಅಂಗಡಿಯವರಿಗೆ ನಾವು ಹೇಳಬೇಕಾಗಿಲ್ಲ.

ಆದ್ದರಿಂದ ಕೂಟದಲ್ಲಿ 'ನಿಮ್ಮ ಯಶಸ್ಸಿನ ಗುಟ್ಟೇನು' ಅಂತ ಕೇಳಬೇಡಿ. ಒಂದು ಹೂದಾನಿಗೆ ಬೆಳ್ಳಿ ಎಷ್ಟು, ಕೂಲಿ ಎಷ್ಟು, ನಡುವಿನವನಿಗೆ ಎಷ್ಟು ಅಂತ ಕೇಳಿ. ಆಫೀಸಿನ ಬೀಳ್ಕೊಡುಗೆಗೆ, ಮದುವೆಯ ಉಡುಗೊರೆಗೆ ಪ್ಲಾಸ್ಟಿಕ್ ಫಲಕ ಬಿಟ್ಟು ಬಿದರಿಗೆ ಆರ್ಡರ್ ಕೊಡಿ. ಅರ್ಧ ದುಡ್ಡು ಅಲ್ಲೇ ಎಣಿಸಿ.

ಇನ್ನೊಂದು ಮಾತು. ಭಾಲ್ಕಿ, ಹುಮನಾಬಾದ ಕಡೆಯ ಕೊನೆ ಬಸ್ಸು ಹೊರಡುವ ಮೊದಲೇ ಕೂಟ ಮುಗಿಸಿ. ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿಯರೂ ಬರಲಿ.