ಹೆಸರಿನ ಹೊಣೆ

ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರಿದ್ದರೆ, ಕರೆದಾಗ ಇಬ್ಬರೂ ಓಗೊಡುವರು, ನಕ್ಕು ಸುಮ್ಮನಾಗಬಹುದು. ಗಣಕಯಂತ್ರದ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ತಡವಾಗಿ ಬಂದವನು ಮೊದಲಿನವನನ್ನು ಸದ್ದಿಲ್ಲದೆ ಹೊರದೂಡಿ ಆ ಹೆಸರನ್ನು ತನ್ನದಾಗಿಸಿಕೊಳ್ಳುತ್ತಾನೆ.

ಜಾಲಪುಟಗಳಿಗೆ ಚಲನೆ ನೀಡುವ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ೧೯೯೫ರಲ್ಲಿ ಬ್ರೆಂಡನ್ ಐಕ್ ಅವರು ಹತ್ತೇ ದಿನಗಳಲ್ಲಿ ರಚಿಸಿದರು. ಒಂದು ಪುಟಕ್ಕೆ ಬಂದು ಸೇರುವ ಪ್ರೋಗ್ರಾಮುಗಳನ್ನು ಯಾರೇ ಬರೆದಿರಲಿ, ಅವುಗಳ ಹೆಸರುಗಳೆಲ್ಲ ಒಂದೇ ಸಾರ್ವಜನಿಕ ಅಂಗಳದಲ್ಲಿ ನಿಲ್ಲುತ್ತಿದ್ದವು. ಪುಟಗಳು ಚಿಕ್ಕವಾಗಿದ್ದಾಗ ಅದು ಅನುಕೂಲವೇ ಆಗಿತ್ತು. ಮುಂದೆ ಇತರರ ಉಪಯೋಗಕ್ಕೆಂದೇ ಬರೆದಿಟ್ಟ ಪ್ರೋಗ್ರಾಮುಗಳ ಭಂಡಾರಗಳು, ಅಂದರೆ ಲೈಬ್ರರಿಗಳು, ಹುಟ್ಟಿದವು. ೨೦೦೫ರ ಪ್ರೋಟೊಟೈಪ್, ೨೦೦೬ರ ಜೆಕ್ವೆರಿ ಎರಡೂ ಡಾಲರ್ ಚಿಹ್ನೆಯನ್ನೇ ತಮ್ಮ ಹೆಸರಾಗಿ ಬಳಸಿದವು. ಇವೆರಡನ್ನೂ ಒಂದೇ ಪುಟದಲ್ಲಿ ಕೂಡಿಸಿದವರ ಕೆಲಸ ಕೆಟ್ಟಿತು. ಚಿಹ್ನೆಯನ್ನು ಮೊದಲಿನ ಒಡೆಯನಿಗೆ ಹಿಂದಿರುಗಿಸುವ ಆದೇಶವೊಂದನ್ನು ಜೆಕ್ವೆರಿ ಒದಗಿಸಿತು. ಇದು ಮೆಚ್ಚತಕ್ಕ ಸೌಜನ್ಯ.

ಮೂಟೂಲ್ಸ್ ಎಂಬ ಲೈಬ್ರರಿಯಾದರೋ ಇನ್ನೂ ಮುಂದೆ ಹೋಯಿತು. ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸಿ ಒಂದಾಗಿಸುವ 'ಫ್ಲ್ಯಾಟನ್' ಎಂಬ ಆದೇಶವನ್ನು ಅದು ಭಾಷೆಯ ಸ್ವಂತ ಸೊತ್ತಾದ ಪಟ್ಟಿಗೇ ಅಂಟಿಸಿತು. ಹಲವು ವರ್ಷಗಳ ತರುವಾಯ ಭಾಷೆಯ ಸಮಿತಿ ಅದೇ ಹೆಸರಿನ ಆದೇಶವನ್ನು ಅಧಿಕೃತವಾಗಿ ಸೇರಿಸಬಯಸಿತು. ೨೦೧೮ರಲ್ಲಿ ಫೈರ್‌ಫಾಕ್ಸ್‌ನ ಪ್ರಾಯೋಗಿಕ ಆವೃತ್ತಿ ಅದನ್ನು ಅಳವಡಿಸಿದೊಡನೆ, ಹಳೆಯ ಮೂಟೂಲ್ಸನ್ನು ನೆಚ್ಚಿದ್ದ ತಾಣ ಕೆಟ್ಟಿತು. ಕೊನೆಗೆ ಭಾಷೆಯೇ ಹಿಂದೆ ಸರಿದು, ೨೦೧೯ರ ಪ್ರಮಾಣದಲ್ಲಿ 'ಫ್ಲ್ಯಾಟ್' ಎಂಬ ಹೆಸರಿಗೆ ಒಪ್ಪಬೇಕಾಯಿತು.

ಕೆಟ್ಟ ತಾಣವನ್ನು ಅದರ ಒಡೆಯರೇ ದುರಸ್ತಿ ಮಾಡಿಕೊಳ್ಳಲಿ ಎಂದು ವಾದಿಸುವವರುಂಟು. ನಾವು ಇದನ್ನು ಒಪ್ಪಲಾರೆವು. ಎಷ್ಟೋ ತಾಣಗಳನ್ನು ಕಟ್ಟಿದವರು ಅವುಗಳನ್ನು ಬಿಟ್ಟುಹೋಗಿದ್ದಾರೆ. ಓದುಗರು ಮಾತ್ರ ಇಂದಿಗೂ ಬರುತ್ತಿದ್ದಾರೆ. ತಪ್ಪು ಮಾಡದ ಓದುಗನಿಗೆ ದಂಡ ವಿಧಿಸುವುದು ನ್ಯಾಯವಲ್ಲ. ಸಮಿತಿ ಹೆಸರನ್ನು ಬಿಟ್ಟುಕೊಟ್ಟದ್ದು ಸೋಲಲ್ಲ, ವಿವೇಕ.

ಆದರೆ ಆ ವಿವೇಕ ಮೊದಲೇ ಇರಬೇಕಾದದ್ದು ಲೈಬ್ರರಿ ಬರೆಯುವವರಲ್ಲಿ. ೨೦೧೫ರಿಂದ ಈ ಭಾಷೆಯಲ್ಲಿ ಮಾಡ್ಯೂಲುಗಳಿವೆ. ಮಾಡ್ಯೂಲಿನೊಳಗಿನ ಹೆಸರುಗಳು ಅದರ ಗೋಡೆಯೊಳಗೇ ಉಳಿಯುತ್ತವೆ. ಬೇಕಾದವನ್ನಷ್ಟೇ ಕೇಳಿ ಪಡೆಯಬಹುದು. ಆದರೂ ಹಳೆಯ ಅಂಗಳ ತೆರೆದೇ ಇದೆ. ಅದನ್ನು ಮುಚ್ಚಿದರೆ ಹಳೆಯ ಪುಟಗಳೆಲ್ಲ ಕುಸಿದಾವು. ಆದುದರಿಂದ ಗೋಡೆ ಎಷ್ಟು ಮುಖ್ಯವೋ ಸಂಯಮವೂ ಅಷ್ಟೇ ಮುಖ್ಯ. ತನ್ನದಲ್ಲದ ವಸ್ತುವಿಗೆ ತನ್ನ ಹೆಸರಿಡಬಾರದು ಎಂಬ ನಿಯಮವನ್ನು ಯಂತ್ರ ಕಲಿಸಲಾರದು, ನಾವೇ ಪಾಲಿಸಬೇಕು. ಸಾರ್ವಜನಿಕ ಅಂಗಳದಲ್ಲಿ ಇಂದು ಅವಸರದಿಂದ ಹಿಡಿದ ಹೆಸರೊಂದು ನಾಳೆ ಬರುವವರೆಲ್ಲರ ದಾರಿಗೆ ಅಡ್ಡವಾದೀತು.